ಗಿರಣಿ ನಿಂತಿತು, ಒಲೆ ನಿಲ್ಲಲಿಲ್ಲ

ಗಿರಣಿಯೊಂದು ಮುಚ್ಚಿತೆಂದರೆ ಎಷ್ಟು ಮಂದಿ ಗಂಡಸರ ನೌಕರಿ ಹೋಯಿತೆಂದು ಎಣಿಸುವುದು ರೂಢಿ. ಆ ಎಣಿಕೆಗೆ ಸಿಗದ ತಾಯಂದಿರ ವಿಷಯವನ್ನು ಈ ಸಂಚಿಕೆಯಲ್ಲಿ ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ 1920ರ ದಶಕದಲ್ಲಿ ನೂರಕ್ಕೆ ಸುಮಾರು 20 ಮಂದಿ ಸ್ತ್ರೀ ಕಾರ್ಮಿಕರಿದ್ದರು. ನೂಲು ಸುತ್ತುವ ಕೆಲಸ ಬಹುಮಟ್ಟಿಗೆ ಅವರದೇ. ರಾತ್ರಿಪಾಳಿಯಲ್ಲಿ ಅವರನ್ನು ದುಡಿಸಬಾರದೆಂದು ಕಾನೂನಿತ್ತು. 1929ರಲ್ಲಿ ಮುಂಬಯಿ ಪ್ರಾಂತದಲ್ಲಿ ಹೆರಿಗೆ ಭತ್ಯದ ಕಾಯಿದೆಯೂ ಬಂದಿತು. ರಕ್ಷಣೆಗೆಂದು ಬಂದ ಕಾಯಿದೆಗಳನ್ನು ನಾವು ಹಳಿಯಲಾರೆವು. ಆದರೆ ಅವುಗಳ ಹೊರೆ ತಪ್ಪಿಸಿಕೊಳ್ಳಲು ಮಾಲೀಕರು ಸ್ತ್ರೀಯರನ್ನೇ ದೂರವಿಡತೊಡಗಿದರು. ಹೊಸ ಯಂತ್ರಗಳು ಬಂದಾಗಲೂ ಏಟು ಬಿದ್ದದ್ದು ಅವರ ವಿಭಾಗಗಳಿಗೇ. ಗಿರಣಿಗಳು ಮುಚ್ಚುವ ಎಷ್ಟೋ ಮುಂಚೆ ಹೆಣ್ಣುಮಕ್ಕಳ ಪಾಲಿಗೆ ಅವುಗಳ ಬಾಗಿಲು ಮುಚ್ಚತೊಡಗಿತ್ತು.

ಊರಿನಲ್ಲಿ ಸಂಸಾರ ಬಿಟ್ಟು ಬಂದ ಕಾರ್ಮಿಕರಿಗೆ ಊಟ ಬೇಕಿತ್ತು. ಗಿರಣಿ ಕೇರಿಯ ಗೃಹಿಣಿಯರು ಖಾನಾವಳಿ ಹಿಡಿದರು. ಖಾನಾವಳಿಯೆಂದರೆ ನಮ್ಮ ಹುಬ್ಬಳ್ಳಿ, ವಿಜಯಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಅಲ್ಲಿಯದು ಫಲಕ ತೂಗುಹಾಕಿದ ಖಾನಾವಳಿಯಲ್ಲ, ಚಾಳಿನ ಒಂದೇ ಕೋಣೆಯಲ್ಲಿ ಮಕ್ಕಳು ಮಲಗಿರುವಾಗಲೇ ಹೊತ್ತಿಸುವ ಒಲೆ. ಕಾರ್ಮಿಕನಿಗೆ ಸಂಬಳವಾದ ಮೇಲೆ ಊಟದ ಹಣ. ಅಲ್ಲಿಯವರೆಗೆ ದಿನಸಿಗೆ ಸಾಲ, ಸಾಲಕ್ಕೆ ವಿಪರೀತ ಬಡ್ಡಿ. ಇದನ್ನು ಕಂಡ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿ, ಈ ತಾಯಂದಿರಿಗೆ ಬ್ಯಾಂಕಿನ ಸಾಲ ದೊರಕಿಸಿದರು. ಅಡಿಗೆಯನ್ನೂ ಉದ್ಯೋಗವೆಂದು ಬ್ಯಾಂಕು ಒಪ್ಪಿತೆಂಬುದು ಸಣ್ಣ ಮಾತಲ್ಲ. ಎಷ್ಟೋ ಮನೆಗಳ ಯಜಮಾನರು ಇಂದಿಗೂ ಒಪ್ಪಿಲ್ಲ!

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅದು ವರ್ಷ ಮೀರಿ ನಡೆಯಿತು. ಅನೇಕರು ರತ್ನಾಗಿರಿ, ಸಾತಾರಾ ಕಡೆಯ ತಮ್ಮ ಹಳ್ಳಿಗಳಿಗೆ ಮರಳಿದರು. ಎಷ್ಟೋ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಉಳಿದ ಮನೆಗಳಲ್ಲಿ ಗೃಹಿಣಿಯರು ತರಕಾರಿ ಮಾರಿದರು, ಹೊಲಿಗೆಗೆ ಕುಳಿತರು, ಪರರ ಮನೆಗೆಲಸಕ್ಕೆ ಹೋದರು. ಸಂಸಾರ ಅವರ ದುಡಿಮೆಯಿಂದ ಸಾಗಿತು. ಆದರೂ ಅವರನ್ನು ಜನ ಕರೆದದ್ದು ನಿರುದ್ಯೋಗಿಯ ಹೆಂಡತಿ ಎಂದು.

ಖಾನಾವಳಿಯ ತಾಯಂದಿರ ಕಷ್ಟವೇ ಬೇರೆ. ಉಣ್ಣುವವರೇ ಊರು ಬಿಟ್ಟಿದ್ದರು. ಗಿರಣಿಯಿಂದ ಬರಬೇಕಾದ ಬಾಕಿಯನ್ನು ಕೇಳುವ ಹಕ್ಕು ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ. ಆ ಗಿರಣಿಗಳನ್ನು ನಡೆಸಿದ ಕೈಗಳಿಗೆ ವರ್ಷಾನುಗಟ್ಟಲೆ ಅನ್ನ ಬಡಿಸಿದವರ ಹೆಸರು ಯಾವ ಪುಸ್ತಕದಲ್ಲಿತ್ತು?