ಆ್ಯಪ್ ಒಪ್ಪಿಕೊಂಡರೆ ನೀವು ತುಂಬಿದ ವಿವರ ಸರಿ ಎಂದರ್ಥವೇ?

ಹಣ ಕಳಿಸುವಾಗ ಖಾತೆ ಸಂಖ್ಯೆ ತಪ್ಪಾದರೆ ಆ್ಯಪ್ ತಾನೇ ತಡೆಯುತ್ತದೆ ಎಂದು ಹಲವರು ನಂಬಿದ್ದಾರೆ. ಇದು ಅರ್ಧ ಸತ್ಯ. ಉಳಿದರ್ಧ ತಿಳಿಯಲು ಆ್ಯಪ್ ಹಿಂದಿನ ಸರ್ವರ್‌ನಲ್ಲಿ ಏನು ನಡೆಯುತ್ತದೆ ಎಂದು ನೋಡೋಣ.

ಚೀಟಿ ಅಂಟಿಸಿದರೆ ಸಾಕೇ?

ಬ್ಯಾಂಕಿಂಗ್ ಸೇರಿದಂತೆ ಅನೇಕ ಕ್ಷೇತ್ರಗಳ ವೆಬ್ ಸೇವೆಗಳನ್ನು ಜಾವಾ ಭಾಷೆಯಲ್ಲಿ ಬರೆಯುತ್ತಾರೆ. ಅದರಲ್ಲಿ ಪ್ರತಿ ವಿವರಕ್ಕೂ ‘ಆನೊಟೇಶನ್’ ಎಂಬ ಚೀಟಿ ಅಂಟಿಸಬಹುದು. ‘ನಾಟ್‌ನಲ್’ ಎಂದರೆ ವಿವರ ಬಂದಿರಲೇಬೇಕು. ‘ಸೈಜ್’ ಎಂದರೆ ಇಷ್ಟೇ ಉದ್ದವಿರಬೇಕು. ‘ಪ್ಯಾಟರ್ನ್’ ಎಂದರೆ ಇದೇ ನಮೂನೆಯಲ್ಲಿರಬೇಕು. ಇದಕ್ಕಾಗಿ ‘ಬೀನ್ ವ್ಯಾಲಿಡೇಶನ್’ ಎಂಬ ಮಾನದಂಡ 2009ರಲ್ಲಿ ಬಂತು.

ಆದರೆ ಚೀಟಿ ತಾನಾಗಿ ಏನನ್ನೂ ತಡೆಯದು. ಅದನ್ನು ಓದಿ ಪರೀಕ್ಷಿಸುವ ‘ವ್ಯಾಲಿಡೇಟರ್’ ಕೆಲಸ ಮಾಡಬೇಕು. ಇಲ್ಲದಿದ್ದರೆ ಗೇಟಿಗೆ ‘ಪ್ರವೇಶವಿಲ್ಲ’ ಎಂದು ಬೋರ್ಡ್ ಹಾಕಿ, ಕಾವಲಿಗೆ ಯಾರನ್ನೂ ಇಡದಂತೆ.

ಇಂಟರ್‌ಫೇಸ್ ಎಂದರೆ ಒಪ್ಪಂದ

ಒಂದು ಸೇವೆ ಯಾವ ಕೆಲಸ ಮಾಡುತ್ತದೆ, ಅದಕ್ಕೆ ಯಾವ ವಿವರ ಬೇಕು ಎಂದು ಹೇಳುವ ಪಟ್ಟಿಯೇ ‘ಇಂಟರ್‌ಫೇಸ್’. 2013ರ ಆವೃತ್ತಿಯಿಂದ ಈ ಪಟ್ಟಿಯ ವಿಧಾನಗಳಿಗೂ (ಮೆಥಡ್) ಚೀಟಿ ಅಂಟಿಸಬಹುದು. ನಿಜವಾಗಿ ಕೆಲಸ ಮಾಡುವ ‘ಕ್ಲಾಸ್’ಗೆ ಆ ನಿಯಮಗಳು ತಾವಾಗಿ ಅನ್ವಯಿಸುತ್ತವೆ. ಒಳಬರುವ ವಿವರಗಳ ಮೇಲೆ ಅದು ಹೊಸ ಷರತ್ತು ಸೇರಿಸುವಂತಿಲ್ಲ. ಸೇರಿಸಿದರೆ ವ್ಯಾಲಿಡೇಟರ್ ದೋಷ ತೋರಿಸುತ್ತದೆ. ಬೋರ್ಡಿನಲ್ಲಿ ಒಂದು ದಾಖಲೆ ಸಾಕು ಎಂದು ಬರೆದು, ಕೌಂಟರ್‌ನಲ್ಲಿ ಎರಡು ಕೇಳಬಾರದಲ್ಲವೇ?

ಹಾಗಾದರೆ ತಪ್ಪು ನುಸುಳುವುದು ಎಲ್ಲಿ?

ಈ ಚೀಟಿಗಳು ನೋಡುವುದು ರೂಪವನ್ನು, ಸತ್ಯವನ್ನಲ್ಲ. ಐಎಫ್‌ಎಸ್‌ಸಿ ಕೋಡ್‌ನಲ್ಲಿ 11 ಅಕ್ಷರಗಳಿವೆಯೇ, ಐದನೆಯದು ಸೊನ್ನೆಯೇ ಎಂದು ಅವು ಹೇಳಬಲ್ಲವು. ಆದರೆ ಖಾತೆ ಸಂಖ್ಯೆಯ ಒಂದು ಅಂಕಿ ಬದಲಾದರೂ ಅದು ಬೇರೆಯವರ ಅಸಲಿ ಖಾತೆಯಾಗಿರಬಹುದು. ರೂಪ ಸರಿಯಿದ್ದರೆ ಸರ್ವರ್ ಅದನ್ನು ಒಪ್ಪಿಕೊಳ್ಳಬಹುದು, ಹಣ ಅವರಿಗೇ ಹೋಗಬಹುದು.

ಹೀಗಾಗಿಯೇ ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಹಣ ಕಳಿಸುವ ಮೊದಲು ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕ್‌ಗಳಿಗೆ ಸೂಚಿಸಿತ್ತು. ಇದಕ್ಕೆ ಗ್ರಾಹಕರು ಶುಲ್ಕ ಕೊಡಬೇಕಿಲ್ಲ.

ನಾವು ಹೇಳುವುದಿಷ್ಟು: ಆ್ಯಪ್ ಒಪ್ಪಿದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಪರದೆಯಲ್ಲಿ ಬಂದ ಹೆಸರು ಓದಿ, ನಂತರವೇ ಹಣ ಕಳಿಸಿ.