ವೇಳಾಪಟ್ಟಿ ಮತ್ತು ದೇಹದ ತೂಕ

ಓದುವ ವಯಸ್ಸಿನಲ್ಲಿ ಏರುವ ತೂಕವನ್ನು ನಾಲಿಗೆಯ ಚಪಲಕ್ಕೋ ಮೈಗಳ್ಳತನಕ್ಕೋ ಸೇರಿಸಿ, ಬಾಯಿ ಕಟ್ಟಿದರೆ ಸಾಕು, ಬೆಳಿಗ್ಗೆ ಎದ್ದು ಓಡಿದರೆ ಸಾಕು ಎಂದು ಹೇಳಿ ಮುಗಿಸುವುದು ರೂಢಿಯಾಗಿದೆ. ಈ ಮಾತು ಹೇಳುವವರ ಮನಸ್ಸಿನಲ್ಲಿ ತನ್ನ ದಿನ ತನ್ನ ಕೈಯಲ್ಲೇ ಇರುವ ಒಬ್ಬ ವ್ಯಕ್ತಿಯ ಚಿತ್ರವಿರುತ್ತದೆ. ಆದರೆ ವಿದ್ಯಾರ್ಥಿಯ ದಿನ ಅವನ ಅಥವಾ ಅವಳ ಕೈಯಲ್ಲಿರುವುದಿಲ್ಲ. ಏಳುವ ಹೊತ್ತನ್ನು ಬಸ್ಸು ನಿರ್ಧರಿಸುತ್ತದೆ, ಉಣ್ಣುವ ಹೊತ್ತನ್ನು ಕಾಲೇಜಿನ ಗಂಟೆ ನಿರ್ಧರಿಸುತ್ತದೆ, ಮಲಗುವ ಹೊತ್ತನ್ನು ನಾಳಿನ ಪರೀಕ್ಷೆ ನಿರ್ಧರಿಸುತ್ತದೆ. ಹೀಗಿರುವಾಗ ಬಿಡುವಿಲ್ಲದ ವಿದ್ಯಾರ್ಥಿ ತೂಕ ಇಳಿಸುವ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ತಟ್ಟೆಗಿಂತ ಮೊದಲು ವೇಳಾಪಟ್ಟಿಯಲ್ಲಿ ಹುಡುಕಬೇಕಾಗುತ್ತದೆ.

ತೆಲಂಗಾಣದ ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ ಸೀಮೆಯ ಕನ್ನಡ ಮನೆಗಳ ಮಕ್ಕಳಲ್ಲಿ ಈ ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಹೈದರಾಬಾದ್ ರಾಜ್ಯದ ಕಾಲದಲ್ಲಿ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೇ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶಕ್ಕೆ ಹೋದವು. ಗಡಿ ಬದಲಾದರೂ ಕೃಷ್ಣಾ ತೀರದ ಊರುಗಳಲ್ಲಿ ಮನೆಮಾತು ಉಳಿಯಿತು, ನೆಂಟಸ್ತಿಕೆ ರಾಯಚೂರಿನ ಕಡೆಗೇ ಉಳಿಯಿತು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗು ಇಂಟರ್, ಎಂದರೆ ಪಿಯುಸಿ, ಓದಲು ತೆಲುಗಿಗೋ ಇಂಗ್ಲಿಷಿಗೋ ಹೊರಳಬೇಕು, ಇಲ್ಲವೇ ಗಡಿ ದಾಟಿ ರಾಯಚೂರಿಗೆ ಹೋಗಬೇಕು. ಹೊಸ ಮಾಧ್ಯಮದ ಭೌತಶಾಸ್ತ್ರದ ಒಂದು ಪುಟಕ್ಕೆ ಸಹಪಾಠಿಗಳು ಕೊಡುವ ಹೊತ್ತಿನ ಎರಡರಷ್ಟನ್ನು ಈ ಮಗು ಕೊಡಬೇಕಾಗುತ್ತದೆ, ಮತ್ತು ಆ ಹೆಚ್ಚುವರಿ ಹೊತ್ತು ಆಟದಿಂದ, ನಡಿಗೆಯಿಂದ, ನಿದ್ದೆಯಿಂದಲೇ ಬರಬೇಕು, ಬೇರೆಲ್ಲಿಂದಲೂ ಬರುವಂತಿಲ್ಲ. ಇದರ ಜೊತೆಗೆ ಓದಿಗಾಗಿ ಹೋಗಿಬರುವ ದೂರವೂ ಬೆಳೆದಿದೆ. 2008ರಲ್ಲಿ ಮಹಬೂಬ್‌ನಗರದಲ್ಲಿ ಪಾಲಮೂರು ವಿಶ್ವವಿದ್ಯಾಲಯ ಬಂತು, 2013ರಲ್ಲಿ ಗದ್ವಾಲ–ರಾಯಚೂರು ರೈಲುಮಾರ್ಗ ತೆರೆಯಿತು, 2023ರ ಡಿಸೆಂಬರಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು, 2024ರಲ್ಲಿ ನಾರಾಯಣಪೇಟೆ ಮತ್ತು ಗದ್ವಾಲ ಎರಡೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಆರಂಭವಾದವು. ಇವೆಲ್ಲ ಈ ಹಿಂದುಳಿದ ಸೀಮೆಗೆ ದೊಡ್ಡ ಲಾಭಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ತಲೆಮಾರಿನ ಹಿಂದೆ ಹೊಲದಲ್ಲಿಯೋ ಮಗ್ಗದ ಮುಂದೆಯೋ ಮೈಮುರಿದು ದುಡಿಯುತ್ತಿದ್ದ ವಯಸ್ಸಿನ ಮಕ್ಕಳು ಈಗ ದಿನದ ಹತ್ತು ಹನ್ನೆರಡು ತಾಸುಗಳನ್ನು ಬೆಂಚು, ಬಸ್ಸು ಮತ್ತು ಮೇಜಿನ ನಡುವೆ ಕುಳಿತೇ ಕಳೆಯುತ್ತಾರೆ ಎಂಬುದೂ ಅಷ್ಟೇ ನಿಜ.

ಆದರೂ ತೂಕ ಇಳಿಸಲು ಹೊರಡುವ ಮೊದಲು ಅದನ್ನು ಇಳಿಸಬೇಕೇ ಎಂಬುದು ಇತ್ಯರ್ಥವಾಗಬೇಕು. ಕನ್ನಡಿಯಾಗಲಿ ಗೆಳೆಯರ ಮಾತಾಗಲಿ ಇದಕ್ಕೆ ಪ್ರಮಾಣವಾಗಲಾರದು. ಕಿಲೋಗ್ರಾಮಿನಲ್ಲಿ ತೂಗಿದ ದೇಹದ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ದೇಹ ದ್ರವ್ಯರಾಶಿ ಸೂಚ್ಯಂಕ, ಅಂದರೆ ಬಿಎಂಐ, ಎನ್ನುತ್ತಾರೆ. ಜಗತ್ತಿನ ಇತರೆಡೆ ಈ ಸಂಖ್ಯೆ 25 ದಾಟಿದರೆ ಹೆಚ್ಚು ತೂಕ ಎಂದು ಎಣಿಸಿದರೆ, ಭಾರತೀಯರಿಗೆ ವೈದ್ಯರು 23ನ್ನೇ ಮಿತಿಯಾಗಿ ಇಟ್ಟಿದ್ದಾರೆ, 25 ದಾಟಿದರೆ ಬೊಜ್ಜು ಎಂದು ಕರೆಯುತ್ತಾರೆ; ಏಕೆಂದರೆ ಭಾರತೀಯರ ಮೈಯಲ್ಲಿ ಅಷ್ಟೇ ತೂಕಕ್ಕೆ ಮಾಂಸಖಂಡ ಕಡಿಮೆ, ಹೊಟ್ಟೆಯ ಸುತ್ತಲಿನ ಕೊಬ್ಬು ಹೆಚ್ಚು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರ ಸಂಶೋಧನೆ ತೋರಿಸಿದಂತೆ, ನೋಡಲು ತೆಳ್ಳಗಿರುವ ದೇಹದಲ್ಲೂ ಈ ಕೊಬ್ಬು ಅಡಗಿರಬಲ್ಲದು. ಆದ್ದರಿಂದ ತಕ್ಕಡಿಗಿಂತ ಟೇಪು ಹೆಚ್ಚು ಸತ್ಯ ಹೇಳುತ್ತದೆ: ಸೊಂಟದ ಸುತ್ತಳತೆ ವಯಸ್ಕ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಬಾರದು. ಹದಿನೆಂಟು ತುಂಬದವರಿಗೆ ಈ ಅಂಕಿಗಳು ಹೊಂದುವುದಿಲ್ಲ. ಅವರ ಬೆಳವಣಿಗೆಯನ್ನು ವಯಸ್ಸಿಗೆ ತಕ್ಕ ಪಟ್ಟಿಯ ಮೇಲೆ ವೈದ್ಯರೇ ನೋಡಬೇಕು. ಇನ್ನೂ ಒಂದು ಎಚ್ಚರಿಕೆ ಈ ಸೀಮೆಗೆ ಅಗತ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದ ವಯಸ್ಕ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಹೆಚ್ಚು ತೂಕದವರು, ಅದೇ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನತೆಯವರು. ಇವೆರಡೂ ಒಬ್ಬಳೇ ಹುಡುಗಿಯಲ್ಲಿ ಒಟ್ಟಿಗೆ ಇರಬಹುದು. ಹಾಗಿದ್ದಾಗ ಊಟ ಬಿಟ್ಟು ತೂಕ ಇಳಿಸುವುದೆಂದರೆ ಒಂದು ರೋಗಕ್ಕೆ ಔಷಧಿಯೆಂದು ಇನ್ನೊಂದನ್ನು ಬೆಳೆಸುವುದು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸದೆ ಯಾವ ಹುಡುಗಿಯೂ ಈ ಕೆಲಸಕ್ಕೆ ಕೈ ಹಾಕಬಾರದು.

ತೂಕ ಏರುವ ಬಗೆ ನಿಧಾನದ್ದು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಅಡಗಿರುತ್ತದೆ. ಕಿಲೋಕ್ಯಾಲೊರಿ ಎಂದರೆ ಆಹಾರ ಕೊಡುವ ಮತ್ತು ದೇಹ ವ್ಯಯಿಸುವ ಶಕ್ತಿಯ ಅಳತೆ. ದಿನವೂ ನೂರೈವತ್ತು ಕಿಲೋಕ್ಯಾಲೊರಿಯಷ್ಟು, ಎಂದರೆ ಸಕ್ಕರೆ ಹಾಕಿದ ಎರಡು ಚಹಾ ಮತ್ತು ಜೊತೆಗೆ ಕೆಲವು ಬಿಸ್ಕತ್ತುಗಳಷ್ಟು, ಹೆಚ್ಚುವರಿ ಮೈಗೆ ಸೇರುತ್ತಿದ್ದರೆ ಇಂಟರಿನ ಎರಡು ವರ್ಷ ಮುಗಿಯುವಷ್ಟರಲ್ಲಿ ಹಲವು ಕಿಲೋ ಏರಿರುತ್ತದೆ, ಮತ್ತು ಯಾವ ದಿನ ಏರಿತು ಎಂದು ಯಾರಿಗೂ ತಿಳಿದಿರುವುದಿಲ್ಲ. ಈ ಹೆಚ್ಚುವರಿ ಎಲ್ಲಿಂದ ಬರುತ್ತದೆ ಎಂದು ಹುಡುಕಿದರೆ ಮೊದಲು ಸಿಗುವುದು ರಾತ್ರಿ. ಹೊಟ್ಟೆ ಖಾಲಿಯಾದಾಗ ಗ್ರೆಲಿನ್ ಎಂಬ ಹಾರ್ಮೋನು ಹಸಿವೆಯನ್ನು ಮಿದುಳಿಗೆ ತಿಳಿಸುತ್ತದೆ. ಕೊಬ್ಬಿನ ಕೋಶಗಳಿಂದ ಹೊರಡುವ ಲೆಪ್ಟಿನ್ ಸಾಕು ಎಂಬ ಸುದ್ದಿ ಮುಟ್ಟಿಸುತ್ತದೆ. ನಿದ್ದೆ ಕಡಿಮೆಯಾದಾಗ ಮೊದಲನೆಯದು ಏರಿ ಎರಡನೆಯದು ಇಳಿಯಬಹುದು ಎಂದು ಪ್ರಯೋಗಗಳು ತೋರಿಸಿವೆ. 2022ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೂಢಿಯಿಂದಲೇ ಕಡಿಮೆ ಮಲಗುತ್ತಿದ್ದ ಹೆಚ್ಚು ತೂಕದ 80 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ನಿದ್ದೆಯನ್ನು ತಾಸಿಗಿಂತ ಸ್ವಲ್ಪ ಹೆಚ್ಚು ಬೆಳೆಸಲು ಕಲಿಸಿದಾಗ, ಊಟದ ಬಗ್ಗೆ ಒಂದು ಮಾತೂ ಹೇಳದಿದ್ದರೂ ಅವರು ತಿನ್ನುವುದು ಉಳಿದವರಿಗಿಂತ ದಿನಕ್ಕೆ ಸುಮಾರು 270 ಕಿಲೋಕ್ಯಾಲೊರಿಯಷ್ಟು ಕಡಿಮೆಯಾಯಿತು. ರಾತ್ರಿ ಒಂದರವರೆಗೆ ಓದಿ ಬೆಳಗಿನ ಐದಕ್ಕೆ ಏಳುವ ವಿದ್ಯಾರ್ಥಿಗೆ ಇದಕ್ಕಿಂತ ಬೆಲೆಯುಳ್ಳ ಸುದ್ದಿ ಇನ್ನೊಂದಿಲ್ಲ. ಏಕೆಂದರೆ ತೂಕ ಇಳಿಸಲು ಅವನಿಂದ ಕೇಳುತ್ತಿರುವ ಮೊದಲ ಕೆಲಸ ಬೇಗ ಮಲಗುವುದು, ಅದು ಓದಿನ ವಿರುದ್ಧವೂ ಅಲ್ಲ, ಓದಿದ್ದು ನೆನಪಿನಲ್ಲಿ ನಿಲ್ಲುವುದೂ ನಿದ್ದೆಯಲ್ಲಿಯೇ. ನಾಲ್ಕು ತಾಸಿನ ನಿದ್ದೆಯ ಮೇಲೆ ಬೆಳಗಿನ ಓಟವನ್ನು ಹೇರುವ ಉಪದೇಶ ತಪ್ಪು ಉಪದೇಶ ಎಂದೇ ಹೇಳಬೇಕು.

ರಾತ್ರಿಯ ನಂತರ ಸಂಜೆಯನ್ನು ನೋಡಬೇಕು. ಬೆಳಿಗ್ಗೆ ಏಳರ ಬಸ್ಸು ಹಿಡಿಯುವ ಅವಸರದಲ್ಲಿ ಒಂದು ಲೋಟ ಚಹಾ ಕುಡಿದು ಹೊರಟ ವಿದ್ಯಾರ್ಥಿ ಮಧ್ಯಾಹ್ನ ಡಬ್ಬಿ ತೆರೆದರೆ, ಅದರಲ್ಲಿ ತುಂಬ ಅನ್ನ, ಮೇಲೆ ನೀರಾದ ಬೇಳೆಯ ಪಪ್ಪು, ಅಂಚಿನಲ್ಲಿ ಉಪ್ಪಿನಕಾಯಿ ಇರುತ್ತವೆ. ನಾಲ್ಕೂವರೆಗೆ ಕಾಲೇಜು ಬಿಟ್ಟು ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಆ ಅನ್ನ ಕರಗಿರುತ್ತದೆ. ಅಲ್ಲಿ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ ಭಜಿ, ಕಾಗದದ ತುಂಡಿನ ಮೇಲೆ ಹರಡಿ ಎಣ್ಣೆಯ ಕಲೆ ಮೂಡಿಸುತ್ತ, ಪಕ್ಕದಲ್ಲಿ ಮಂಡಾಳು ಒಗ್ಗರಣೆಯ ರಾಶಿ, ಕೈಯಲ್ಲಿ ಇಪ್ಪತ್ತು ರೂಪಾಯಿ, ಬಸ್ಸಿಗೆ ಇನ್ನೂ ಅರ್ಧ ತಾಸು. ಈ ಹೊತ್ತಿನಲ್ಲಿ ಮನೋಬಲವನ್ನು ಪರೀಕ್ಷೆಗೆ ಒಡ್ಡುವುದು ನ್ಯಾಯವಲ್ಲ. ಸೋಲು ಬೆಳಿಗ್ಗೆ ಏಳಕ್ಕೇ ತೀರ್ಮಾನವಾಗಿತ್ತು. ಬೆಳಿಗ್ಗೆ ಒಂದು ರೊಟ್ಟಿ ತಿಂದಿದ್ದರೆ, ಮೂರೂವರೆಯ ಬಿಡುವಿನಲ್ಲಿ ಒಂದು ಮುಷ್ಟಿ ಹುರಿದ ಕಡಲೆಯೋ ನೆನೆಸಿದ ಹೆಸರುಕಾಳೋ ಹೊಟ್ಟೆಗೆ ಬಿದ್ದಿದ್ದರೆ, ಭಜಿಯ ಮುಂದೆ ನಿಂತವರು ಹಸಿದವರಾಗಿರುತ್ತಿರಲಿಲ್ಲ. ಹೀಗೆ ತಿನ್ನುವುದನ್ನು ಕಡಿಮೆ ಮಾಡಲು ಕೆಲವೊಮ್ಮೆ ಮುಂಚಿತವಾಗಿ ತಿನ್ನಬೇಕಾಗುತ್ತದೆ.

ರೊಟ್ಟಿಯ ಮಾತು ಬಂದದ್ದರಿಂದ ಒಂದು ತಪ್ಪು ತಿಳಿವಳಿಕೆಯನ್ನು ತೆಗೆಯುವುದು ಒಳ್ಳೆಯದು. ಜೋಳದಲ್ಲಿ ಅಕ್ಕಿಗಿಂತ ಶಕ್ತಿ ತೀರ ಕಡಿಮೆ ಎಂದು ನಂಬಿದವರಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ ನೂರು ಗ್ರಾಂ ಜೋಳದಲ್ಲಿ 334 ಕಿಲೋಕ್ಯಾಲೊರಿ, ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ 356, ವ್ಯತ್ಯಾಸ ಅಲ್ಪ. ಆದರೆ ನಾರಿನಂಶ ಜೋಳದಲ್ಲಿ ಸುಮಾರು 10 ಗ್ರಾಂ, ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ನಾರಿರುವ ಆಹಾರವನ್ನು ಅಗಿಯಲು ಹೊತ್ತು ಬೇಕು, ಅದು ನಿಧಾನವಾಗಿ ಕರಗುತ್ತದೆ. ಎರಡು ರೊಟ್ಟಿ ಉಂಡವರು ನಿಲ್ಲುವಲ್ಲಿ ಅನ್ನ ಉಂಡವರು ಇನ್ನೊಮ್ಮೆ ಬಡಿಸಿಕೊಳ್ಳುತ್ತಾರೆ. ಈ ಸೀಮೆಯ ಅಜ್ಜಂದಿರು ಜೋಳ, ಸಜ್ಜೆ, ಪುಂಡಿಪಲ್ಯ, ಬೇಳೆಕಾಳುಗಳ ಮೇಲೆ ಬದುಕಿದವರು. ಪಡಿತರದ ಅಕ್ಕಿ ಬಡವರ ಹಸಿವನ್ನು ನೀಗಿತು, 2025ರಿಂದ ತಲೆಗೆ ಆರು ಕಿಲೋ ಸಣ್ಣಕ್ಕಿಯನ್ನೇ ಉಚಿತವಾಗಿ ಕೊಡುತ್ತಿರುವುದು ಉಪಕಾರವೇ ಸರಿ. ಆದರೂ ಪುಕ್ಕಟೆ ಸಿಗುವ ಧಾನ್ಯ ಒಂದೇ ಆದಾಗ ತಟ್ಟೆಯೂ ಆ ಒಂದರಿಂದಲೇ ತುಂಬುತ್ತದೆ. ಭಾರತೀಯರಿಗೆ ಸಿಗುವ ಶಕ್ತಿಯಲ್ಲಿ ನೂರಕ್ಕೆ 62 ಭಾಗ ಪಿಷ್ಟ ಮತ್ತು ಸಕ್ಕರೆಗಳಿಂದಲೇ ಬರುತ್ತದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2025ರಲ್ಲಿ ತಿಳಿಸಿತು. ಅನ್ನವನ್ನು ಶತ್ರುವೆಂದು ಹೊರಹಾಕುವ ಅಗತ್ಯ ಇದರಿಂದ ಬರುವುದಿಲ್ಲ; ಅನ್ನದ ರಾಶಿ ತುಸು ಕುಗ್ಗಿ, ಪಪ್ಪು ಗಟ್ಟಿಯಾಗಿ, ಪಲ್ಯ ಉಪ್ಪಿನಕಾಯಿಯಂತೆ ಅಂಚಿನಲ್ಲಿ ಕೂರದೆ ತಟ್ಟೆಯ ಮೂರರಲ್ಲಿ ಒಂದು ಪಾಲನ್ನಾದರೂ ಹಿಡಿದರೆ ಸಾಕು. ಶೇಂಗಾ ಬೆಳೆಯುವ ನಾಡಿನಲ್ಲಿ ಶೇಂಗಾ ಹಿಂಡಿಯನ್ನು ಬಿಡಿ ಎನ್ನುವುದು ಅನ್ಯಾಯ, ಆದರೆ ನೂರು ಗ್ರಾಂ ಶೇಂಗಾದಲ್ಲಿ 500 ಕಿಲೋಕ್ಯಾಲೊರಿಗೂ ಹೆಚ್ಚು ಶಕ್ತಿ ಇರುವುದರಿಂದ ಹಿಂಡಿ ಚಮಚದ ಲೆಕ್ಕದಲ್ಲಿರಬೇಕು.

ರೊಟ್ಟಿ ತಿನ್ನಿರಿ ಎನ್ನುವುದು ಸುಲಭ. ಬೆಳಗಿನ ಐದಕ್ಕೆ ಒಲೆಯ ಮುಂದೆ ಕುಳಿತು ಅದನ್ನು ಬಡಿಯುವವರು ಯಾರು ಎಂದು ಕೇಳಿಕೊಳ್ಳದ ಸಲಹೆ ಅರ್ಧ ಸಲಹೆ. ಹೊಲಕ್ಕೋ ಮಗ್ಗಕ್ಕೋ ಹೋಗಬೇಕಾದ ತಾಯಿಯ ಬೆನ್ನ ಮೇಲೆ ಮಗನ ತೂಕದ ಭಾರವನ್ನೂ ಹೇರಿದಂತಾಗುತ್ತದೆ. ರಾಯಚೂರು ಕಡೆಯ ಖಡಕ್ ರೊಟ್ಟಿ ಇದಕ್ಕೆ ಒಳ್ಳೆಯ ಪರಿಹಾರ: ಹದವಾಗಿ ಸುಟ್ಟು ಒಣಗಿಸಿದ್ದು ದಿನಗಟ್ಟಲೆ ಕೆಡುವುದಿಲ್ಲ, ಹಾಸ್ಟೆಲಿನ ಪೆಟ್ಟಿಗೆಯಲ್ಲೂ ಉಳಿಯುತ್ತದೆ, ಮೊಸರೋ ಪಲ್ಯವೋ ಇದ್ದರೆ ಊಟವಾಗುತ್ತದೆ. ವಾರಕ್ಕೊಮ್ಮೆ ಅದನ್ನು ಮಾಡುವ ಕೆಲಸದಲ್ಲಿ ಮನೆಯ ಗಂಡುಮಕ್ಕಳೂ ಕೈಜೋಡಿಸಬೇಕು. ಹಿಟ್ಟು ನಾದುವುದಕ್ಕೆ ಯಾವ ಪದವಿಯೂ ಅಡ್ಡಬರುವುದಿಲ್ಲ.

ವ್ಯಾಯಾಮದ ಬಗ್ಗೆ ಹೇಳಬೇಕಾದದ್ದು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮವನ್ನೂ, ಹದಿನೇಳರವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯನ್ನೂ ಸೂಚಿಸಿತು, ಮತ್ತು ಅದನ್ನು ಒಂದೇ ಸಲ ಮಾಡಬೇಕೆಂಬ ಕಟ್ಟುಪಾಡನ್ನು ಇಡಲಿಲ್ಲ. ಎರಡು ಸ್ಟಾಪು ಮೊದಲೇ ಬಸ್ಸಿಳಿದು ನಡೆಯುವುದು, ಪಾಠವನ್ನು ಬಾಯಿಪಾಠ ಮಾಡುವಾಗ ಮಾಳಿಗೆಯ ಮೇಲೆ ಅಡ್ಡಾಡುವುದು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಈ ಊರುಗಳಲ್ಲಿ ನಡಿಗೆಗೆ ಉಳಿಯುವುದು ನಸುಕು ಮತ್ತು ಮುಸ್ಸಂಜೆ ಮಾತ್ರ. ಆ ಎರಡು ಹೊತ್ತಿನಲ್ಲೂ ಹುಡುಗಿಯರು ಒಬ್ಬರೇ ರಸ್ತೆಗಿಳಿಯಲು ಮನೆಯವರು ಹಿಂಜರಿಯುತ್ತಾರೆ. ಇದನ್ನು ಹುಡುಗಿಯರ ಸೋಮಾರಿತನದ ಲೆಕ್ಕಕ್ಕೆ ಬರೆಯುವಂತಿಲ್ಲ. ಸಂಜೆ ಐದಕ್ಕೆ ಗೇಟು ಹಾಕುವ ಕಾಲೇಜು ಮೈದಾನವನ್ನು ದೀಪ ಹಾಕಿ ಏಳರವರೆಗೆ ತೆರೆದಿಟ್ಟರೆ ಆಗುವ ಉಪಕಾರ ನೂರು ಆರೋಗ್ಯ ಭಾಷಣಗಳಿಂದ ಆಗದು.

ಎಲ್ಲಕ್ಕಿಂತ ಅಪಾಯದ್ದು ಅವಸರ. ಮದುವೆಗೋ ಕಾಲೇಜಿನ ವಾರ್ಷಿಕೋತ್ಸವಕ್ಕೋ ಮುಂಚೆ ಹದಿನೈದು ದಿನ ಬರೀ ಹಣ್ಣಿನ ರಸದ ಮೇಲಿರುವುದು, ಮೊಬೈಲಿನಲ್ಲಿ ಕಂಡ ಪುಡಿಗಳನ್ನು ತರಿಸಿ ಕುಡಿಯುವುದು ಈಗ ಮಕ್ತಲ್‌ನಂಥ ಊರುಗಳಿಗೂ ಹೊಸದಲ್ಲ. 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಆರೋಗ್ಯವಂತರಾದ 36 ಯುವಕರಿಗೆ ಅವರ ಒಪ್ಪಿಗೆಯಿಂದ ಆರು ತಿಂಗಳ ಕಾಲ ಅರ್ಧ ಹೊಟ್ಟೆಯ ಊಟ ಕೊಟ್ಟು ಗಮನಿಸಿದನು. ತೂಕ ಇಳಿಯಿತು, ಆದರೆ ಅದರೊಂದಿಗೆ ಅವರ ಲವಲವಿಕೆ ಹೋಯಿತು, ಸಿಡುಕು ಬಂತು, ಓದಿನಲ್ಲಿ ಮನಸ್ಸು ನಿಲ್ಲದಾಯಿತು, ಹಗಲಿರುಳು ಊಟದ್ದೇ ಧ್ಯಾನವಾಯಿತು. ಅರೆಹೊಟ್ಟೆಯ ವಿದ್ಯಾರ್ಥಿಗೆ ಪುಸ್ತಕ ಏಕೆ ತಲೆಗೆ ಹತ್ತುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ವಾರಕ್ಕೆ ಅರ್ಧ ಕಿಲೋ ಇಳಿಯುವುದೇ ಸುರಕ್ಷಿತ ವೇಗ ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಎಪ್ಪತ್ತೆರಡು ಕಿಲೋ ತೂಗುವವರು ಮೂರೂವರೆ ಕಿಲೋ ಇಳಿದರೂ, ಎಂದರೆ ನೂರಕ್ಕೆ ಸುಮಾರು ಐದರಷ್ಟು ಇಳಿದರೂ, ರಕ್ತದೊತ್ತಡ ಮತ್ತು ರಕ್ತದ ಸಕ್ಕರೆಯ ಮೇಲೆ ಒಳ್ಳೆಯ ಪರಿಣಾಮ ಕಾಣಬಹುದು.

ಆರಂಭಕ್ಕೂ ಒಂದು ಕಾಲವಿದೆ. ಮಾರ್ಚಿನಲ್ಲಿ ಇಂಟರ್ ಪರೀಕ್ಷೆ, ಅದರ ಬೆನ್ನಿಗೇ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಪ್ರವೇಶ ಪರೀಕ್ಷೆಗಳು. ಆ ತಿಂಗಳುಗಳಲ್ಲಿ ತೂಕ ಇಳಿಸುವ ಸಂಕಲ್ಪ ಮಾಡುವುದಕ್ಕಿಂತ ಇದ್ದ ತೂಕ ಏರದಂತೆ ನೋಡಿಕೊಂಡರೆ ಅದೇ ಸಾಧನೆ. ಪರೀಕ್ಷೆಯ ಒತ್ತಡದಲ್ಲಿ ಮುರಿದ ನಿಯಮ ವಿದ್ಯಾರ್ಥಿಗೆ ತನ್ನ ಮೇಲಿನ ನಂಬಿಕೆಯನ್ನೇ ಕಳೆಯುತ್ತದೆ. ಜೂನಿನಲ್ಲಿ ತರಗತಿಗಳು ಆರಂಭವಾಗುವ ಹೊತ್ತಿಗೆ ಮಳೆ ಬಂದು ಬಿಸಿಲು ತಗ್ಗಿರುತ್ತದೆ, ಹೊಸ ವೇಳಾಪಟ್ಟಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಮಲಗುವ ಹೊತ್ತನ್ನು, ಬೆಳಗಿನ ರೊಟ್ಟಿಯನ್ನು, ಮೂರೂವರೆಯ ಕಾಳನ್ನು ಆ ಪಟ್ಟಿಯೊಳಗೆ ಸೇರಿಸಲು ಅದೇ ಸರಿಯಾದ ವೇಳೆ, ಮತ್ತು ಹಾಸ್ಟೆಲುಗಳೂ ಕಾಲೇಜುಗಳೂ ತಮ್ಮ ಗಂಟೆಗಳನ್ನು ಹೊಂದಿಸಿಕೊಳ್ಳಬೇಕಾದದ್ದೂ ಆಗಲೇ.