ಒಂದು ವಿಡಿಯೊ ಮಾಡಿ ಕಳಿಸು

ಊರಲ್ಲಿರೋ ನಿಮ್ಮ ಜೊತೆ ನನ್ನದೊಂದು ತಕರಾರಿದೆ. ಕಾವೇರಿ ಗಲಾಟೆ ಶುರುವಾದ ತಕ್ಷಣ, ಅಥವಾ ಯಾರೋ ಸಿನಿಮಾದವರು ವೇದಿಕೆ ಮೇಲೆ ಏನೋ ಅಂದ ತಕ್ಷಣ, ಪೋರೂರಿನಲ್ಲಿರುವ ನನ್ನ ಫೋನಿಗೆ ಸಂದೇಶ ಬಂದು ಬೀಳುತ್ತೆ: "ಅಲ್ಲಿ ಪರಿಸ್ಥಿತಿ ಹೇಗಿದೆ? ಒಂದು ವಿಡಿಯೊ ಮಾಡಿ ಕಳಿಸು." ಹೇಗಿದ್ದೀಯ ಅಂತ ಕೇಳೋದು ಆಮೇಲೆ. ಕೆಲವರು ಅದನ್ನೂ ಕೇಳಲ್ಲ.

ಕಳಿಸಿದರೆ ಅದು ಎಲ್ಲಿಗೆ ಹೋಗುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮನೆಯವರ ವಾಟ್ಸಾಪ್ ಗುಂಪಿನಿಂದ ಹೈಸ್ಕೂಲು ಬ್ಯಾಚಿನ ಗುಂಪಿಗೆ, ಅಲ್ಲಿಂದ ಸಂಘದವರ ಗುಂಪಿಗೆ, ಅಲ್ಲಿಂದ ಫೇಸ್‌ಬುಕ್ಕಿಗೆ. ಸಂಜೆಯೊಳಗೆ ಯಾರೋ ಪುಣ್ಯಾತ್ಮರು ಅದಕ್ಕೆ ಕೆಂಪಕ್ಷರದಲ್ಲಿ ಒಂದು ತಲೆಬರಹ ಹಚ್ಚಿರುತ್ತಾರೆ. ನಾನು ತೋರಿಸಿದ್ದು ಬಾಗಿಲು ಹಾಕಿದ ಒಂದು ಅಂಗಡಿ ಅಷ್ಟೆ. ತಲೆಬರಹದಲ್ಲಿ ಮಾತ್ರ ಚೆನ್ನೈ ಕನ್ನಡಿಗರ ಮಾರಣಹೋಮ!

ಊರು ಬಿಟ್ಟವರು ಬರೆಯೋದೆಲ್ಲ ಸಾಮಾನ್ಯವಾಗಿ ಒಂಟಿತನದ ಗೋಳು. ಅದು ಸುಳ್ಳಲ್ಲ. ಆದರೆ ಪರಊರಿನಲ್ಲೊಂದು ಸುಖವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಇಲ್ಲಿ ನಮ್ಮನ್ನು ಯಾರೂ ಬಲ್ಲವರಿಲ್ಲ. ತಿಪಟೂರಿನ ಕಡೆಯ ನಮ್ಮೂರಿನಲ್ಲಿ ಬೆಳಿಗ್ಗೆ ಅರ್ಧ ಕೆಜಿ ಹೆಚ್ಚಿಗೆ ಸಕ್ಕರೆ ತಂದರೆ ಸಂಜೆಗೆ "ಯಾರಪ್ಪಾ ನೆಂಟರು?" ಅಂತ ಪ್ರಶ್ನೆ ಬರುತ್ತೆ. ಪೋರೂರಿನ ನಮ್ಮ ಬೀದಿಯಲ್ಲಿ ನಾನು ಬರೀ 'ಬೆಂಗಳೂರ್‌ಕಾರರ್'. ತಿಪಟೂರಿಗೂ ಬೆಂಗಳೂರಿಗೂ ಇರೋ ದೂರ ಇಲ್ಲಿ ಯಾರಿಗೂ ಬೇಕಾಗಿಲ್ಲ. ನನ್ನ ಜಾತಿ ಯಾವುದು, ಓಟು ಯಾರಿಗೆ ಹಾಕಿದೆ, ಅಪ್ಪನ ಜಮೀನಿನ ವ್ಯಾಜ್ಯ ಏನಾಯ್ತು, ಯಾವುದೂ ಬೇಡ. ಈ ಮರೆಯಲ್ಲೇ ನಾನು ತಪ್ಪು ತಪ್ಪು ತಮಿಳು ಮಾತಾಡಿ ಕಲಿತದ್ದು. ಊರಿನಲ್ಲಿದ್ದಾಗ ಬರೆಯಲು ಹೆದರುತ್ತಿದ್ದ ನಾಲ್ಕು ಸಾಲು ಬರೆದದ್ದೂ ಈ ಮರೆಯಲ್ಲೇ.

ಇದಕ್ಕೆ ಪುಸ್ತಕದ ಭಾಷೆಯಲ್ಲಿ ಖಾಸಗಿತನ ಅಂತಾರೆ. ಆ ಪದ ಕೇಳಿದರೆ ಕೋರ್ಟಿನ ಮೆಟ್ಟಿಲು ನೆನಪಾಗುತ್ತೆ. ನಮ್ಮ ಮಾತಿನಲ್ಲಿ ಅದಕ್ಕಿಂತ ಚೆನ್ನಾಗಿರೋ ಮಾತಿದೆ: ನಮ್ಮ ಪಾಡಿಗೆ ನಾವಿರೋದು. ಇದೇ ಚೆನ್ನೈನ 'ನಕ್ಕೀರನ್' ವಾರಪತ್ರಿಕೆಯ ಪ್ರಕರಣದಲ್ಲಿ, 1994ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದ್ದು ಹೆಚ್ಚು ಕಡಿಮೆ ಇದನ್ನೇ. ಆರು ಕೊಲೆಗಳಿಗಾಗಿ ಗಲ್ಲುಶಿಕ್ಷೆಗೆ ಗುರಿಯಾದ ಆಟೊ ಶಂಕರ್ ಜೈಲಿನಲ್ಲಿ ಬರೆದನೆಂಬ ಆತ್ಮಕಥೆಯನ್ನು ಪತ್ರಿಕೆ ಅಚ್ಚು ಹಾಕಬಹುದೇ ಅನ್ನೋದು ಪ್ರಶ್ನೆ. ಸಾರ್ವಜನಿಕ ದಾಖಲೆಯಲ್ಲಿರುವಷ್ಟನ್ನು ಧಾರಾಳವಾಗಿ ಹಾಕಿ, ಅದನ್ನು ಮೀರಿ ಒಬ್ಬನ ಬದುಕಿನೊಳಗೆ ಅವನನ್ನು ಕೇಳದೆ ಕೈಹಾಕಬೇಡಿ ಅಂದಿತು ಕೋರ್ಟು. ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕು ಅನ್ನೋದು ಒಂದು ಹಕ್ಕು. ಗಲ್ಲಿಗೇರಬೇಕಿದ್ದ ಕೊಲೆಗಾರನ ಕೇಸಿನಲ್ಲಿ ಬಂದ ಮಾತಿದು, ನಾನು ನೀವು ಯಾವ ಲೆಕ್ಕ!

ಆಮೇಲೆ ಇಡೀ ದೇಶಕ್ಕೆ ಈ ಹಕ್ಕನ್ನು ಗಟ್ಟಿ ಮಾಡಿಸಿಕೊಟ್ಟವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಮನುಷ್ಯ ನಾಲ್ಕು ಜನರ ಎದುರು ಬಂದ ಮಾತ್ರಕ್ಕೆ ಅವನ ಖಾಸಗಿತನ ಕಳೆದುಹೋಗಲ್ಲ ಅಂತ ನ್ಯಾಯಮೂರ್ತಿ ಚಂದ್ರಚೂಡ್ ಆ ತೀರ್ಪಿನಲ್ಲಿ ಬರೆದರು. ಪುಟ್ಟಸ್ವಾಮಿಯವರು 2024ರಲ್ಲಿ ತೊಂಬತ್ತೆಂಟನೇ ವಯಸ್ಸಿಗೆ ತೀರಿಕೊಂಡರು. ಅವರ ಹೆಸರಿನ ಹಿರಿಮೆಯನ್ನು ನಾವು ವಾಟ್ಸಾಪಿನಲ್ಲಿ ಹಂಚಿಕೊಂಡೆವು, ಯಾರದೋ ಮನೆಯ ಜಗಳದ ವಿಡಿಯೊ ಪಕ್ಕದಲ್ಲೇ.

ಈಗ 2016ಕ್ಕೆ ಬನ್ನಿ. ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ಹತ್ತು ದಿನ ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಿ ಅಂತ ಕರ್ನಾಟಕಕ್ಕೆ ಹೇಳಿತು. 9ರಂದು ಕರ್ನಾಟಕ ಬಂದ್ ಆಯ್ತು. ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ತಮಿಳು ಹುಡುಗ ಬಂದ್ ಬೆಂಬಲಿಸಿದ ಕನ್ನಡ ನಟರನ್ನು ಗೇಲಿ ಮಾಡಿ ಫೇಸ್‌ಬುಕ್ಕಿನಲ್ಲಿ ಏನೋ ಹಾಕಿದ. ಹುಡುಗಾಟದ ಮಾತು, ಕೆಟ್ಟ ಮಾತೇ ಇರಬಹುದು. ಅವನನ್ನು ಹುಡುಕಿ ಹಿಡಿದು ಹೊಡೆದರು, ಕ್ಷಮೆ ಕೇಳಿಸಿದರು, ಅದನ್ನೆಲ್ಲ ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು. ಹೊಡೆದವರೇ ಹಂಚಿದರು, ನೋಡಿ! ಆ ವಿಡಿಯೊ ಗಡಿ ದಾಟಿತು. ರಾಮೇಶ್ವರದಲ್ಲಿ ಕರ್ನಾಟಕದ ಗಾಡಿ ಓಡಿಸುತ್ತಿದ್ದ ಡ್ರೈವರಿಗೆ ಹೊಡೆದರು, ಅದನ್ನೂ ವಿಡಿಯೊ ಮಾಡಿದರು. 12ರ ಬೆಳಗಿನ ಜಾವ ಚೆನ್ನೈ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬ್ ಬಿತ್ತು. ಮದರಾಸಿಗೆ ಇಡ್ಲಿ ದೋಸೆ ಬಡಿಸಿ ತಲೆಮಾರು ಕಳೆದ ಉಡುಪಿ ಕಡೆಯವರ ಹೋಟೆಲು ಅದು. ಅದೇ ದಿನ ಬೆಂಗಳೂರಿನಲ್ಲಿ ಕೆಪಿಎನ್ ಸಂಸ್ಥೆಯ ಮೂವತ್ತಕ್ಕೂ ಹೆಚ್ಚು ಬಸ್ಸುಗಳು ನಿಂತಲ್ಲೇ ಸುಟ್ಟವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಂದು ಜೀವ ಹೋಯ್ತು.

ಆ ದಿನ ಪೋರೂರಿನಲ್ಲಿ ಏನಾಗಿತ್ತು ಗೊತ್ತಾ? ಏನೂ ಆಗಿರಲಿಲ್ಲ. ಜಂಕ್ಷನ್ನಿನಲ್ಲಿ ಎಂದಿನ ಹಾಗೆ ಗಾಡಿಗಳು ಒಂದಕ್ಕೊಂದು ಮೂತಿ ತಗುಲಿಸಿಕೊಂಡು ನಿಂತಿದ್ದವು. ಕೆಳಗಡೆ ತರಕಾರಿ ಅಕ್ಕ ಬದನೆಕಾಯಿ ತೂಗುತ್ತಿದ್ದರು. ಫೋನ್ ಮಾತ್ರ ಬಡಿದುಕೊಳ್ಳುತ್ತಲೇ ಇತ್ತು. ತಿಪಟೂರಿನಿಂದ ಚಿಕ್ಕಪ್ಪ: "ಲೋ, ಆಚೆ ಹೋಗ್ಬೇಡ ಕಣೋ. ಗಾಡಿ ಕೆಎ ನಂಬರು ಅಲ್ವಾ, ಏನಾದ್ರೂ ಹೊದಿಸಿ ಮುಚ್ಚು. ಬೀದೀಲಿ ಕನ್ನಡ ಮಾತಾಡ್ಬೇಡ." ಹೆದರಿಕೆ ಪ್ರೀತಿಯದ್ದೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಚಿಕ್ಕಪ್ಪನ ಕಡೆಯಿಂದಲೇ ಬೆಳಿಗ್ಗೆ ಆ ಹುಡುಗನಿಗೆ ಹೊಡೆದ ವಿಡಿಯೊ ಬಂದಿತ್ತು, ಕೆಳಗೆ ಒಂದು ಹೆಬ್ಬೆರಳಿನ ಗುರುತಿನೊಂದಿಗೆ. ನಾನು ಬೀದಿಯಲ್ಲಿ ಕನ್ನಡ ಮಾತಾಡೋದು ಅಪಾಯ ಆಗಿದ್ದರೆ, ಆ ಅಪಾಯವನ್ನು ಈ ಬೀದಿಗೆ ತಲುಪಿಸುತ್ತಿದ್ದುದು ಆ ಹೆಬ್ಬೆರಳು.

"ಫೇಸ್‌ಬುಕ್ ಇಲ್ಲದಾಗ ಗಲಾಟೆ ಆಗಿರಲಿಲ್ವಾ?" ಅಂತ ಕೇಳೋರಿದ್ದಾರೆ. ಆಗಿತ್ತು. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ನಂತರ 1991ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ತಮಿಳರ ಮೇಲೆ ನಡೆದದ್ದು 2016ಕ್ಕಿಂತ ಘೋರ. ಆಗ ಯಾರ ಜೇಬಿನಲ್ಲೂ ಫೋನಿರಲಿಲ್ಲ. ಹಾಗಾಗಿ ಯಂತ್ರವೇ ನಮ್ಮನ್ನು ಕೆಡಿಸಿತು ಅಂತ ನಾನು ಹೇಳೋದಿಲ್ಲ. ಆಗಿನ ಗುಂಪು ಬಡಾವಣೆ ನೋಡಿ, ಬೋರ್ಡು ನೋಡಿ ನುಗ್ಗುತ್ತಿತ್ತು. ಈಗಿನ ಗುಂಪಿಗೆ ಒಬ್ಬೊಬ್ಬನ ಹೆಸರು, ಮುಖ, ಕಾಲೇಜು, ಗೆಳೆಯರು ಎಲ್ಲ ಮೊದಲೇ ಸಿಕ್ಕಿರುತ್ತೆ, ಅವನೇ ಕೊಟ್ಟಿರುತ್ತಾನೆ. ಅವನು ಆಡಿದ ಒಂದು ಮಾತು ಅವನದಾಗಿ ಉಳಿಯಲ್ಲ, ಆರು ಕೋಟಿ ಜನರ ಹೇಳಿಕೆ ಆಗಿಬಿಡುತ್ತೆ. ಅದಕ್ಕೆ ದಂಡ ಕಟ್ಟೋದು ಯಾವುದೋ ಊರಿನ ಯಾವುದೋ ಡ್ರೈವರು.

ತಮಾಷೆ ಅಂದರೆ ಆ ಹುಡುಗ ಹೊಡೆತ ತಿನ್ನೋಕೆ ಒಂದೂವರೆ ವರ್ಷ ಮುಂಚೆ, 2015ರ ಮಾರ್ಚ್ 24ರಂದು, ಸುಪ್ರೀಂ ಕೋರ್ಟ್ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಕಿತ್ತುಹಾಕಿತ್ತು. ಯಾರಿಗೋ ಕಿರಿಕಿರಿ ಆಯ್ತು ಅನ್ನೋ ಕಾರಣಕ್ಕೆ ಪೊಲೀಸರು ಬಂದು ಹಿಡಿದುಕೊಂಡು ಹೋಗೋ ಹಾಗಿಲ್ಲ ಅಂತ. ಸರ್ಕಾರ ಬಿಟ್ಟುಕೊಟ್ಟ ಲಾಠಿಯನ್ನು ನಾವು ಎತ್ತಿಕೊಂಡೆವು!

ಬೀದರ್ ಜಿಲ್ಲೆಯ ಮುರ್ಕಿಯನ್ನು ಮರೆತಿರಾ? 2018ರ ಜುಲೈ 13. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ತಂಡ ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಸುದ್ದಿ ಹೋಯ್ತು. ಕಾರಿಗಿಂತ ಮೊದಲು ಅವರ ಚಿತ್ರ ಮುಂದಿನ ಊರು ತಲುಪಿತ್ತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲೇ ಸತ್ತ. ಪರಊರಿನವನು, ಗೊತ್ತಿಲ್ಲದವನು ಅನ್ನೋದೇ ಅವನ ತಪ್ಪು. ಪೋರೂರಿನ ಮಕ್ಕಳಿಗೆ ನಾನೂ ಎಷ್ಟೋ ಸಲ ಮಿಠಾಯಿ ಕೊಟ್ಟಿದ್ದೇನೆ. ಅದೇ ತಿಂಗಳು ವಾಟ್ಸಾಪ್‌ನವರು ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ದಾಟಿಸಬಹುದು ಅಂತ ಕಟ್ಟು ಹಾಕಿದರು. ಐದು ಸಾಲದೇನು?

ಬರೆಯೋರ ಕಥೆ ಇನ್ನೊಂದು. ತಮಿಳಿನ ಪೆರುಮಾಳ್ ಮುರುಗನ್ ನಿಮಗೆ ಗೊತ್ತಿರಬೇಕು. 'ಮಾದೊರುಬಾಗನ್' ಕಾದಂಬರಿಗೆ ಊರಿನವರು ತಿರುಗಿಬಿದ್ದು, ಶಾಂತಿಸಭೆ ಅಂತ ಕರೆಸಿ ಬೇಷರತ್ ಕ್ಷಮೆ ಬರೆಸಿಕೊಂಡ ಮೇಲೆ, 2015ರ ಜನವರಿಯಲ್ಲಿ ಅವರು ಫೇಸ್‌ಬುಕ್ಕಿನಲ್ಲೇ ತಮ್ಮೊಳಗಿನ ಲೇಖಕ ಸತ್ತ ಅಂತ ಘೋಷಿಸಿದರು. ಮುಂದಿನ ವರ್ಷ ಮದ್ರಾಸ್ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟು, ಮತ್ತೆ ಬರೆಯಿರಿ ಅಂತ ಹುರಿದುಂಬಿಸಿತು. ಅವರು ದೊಡ್ಡ ಲೇಖಕರು, ಅವರಿಗೆ ಹೈಕೋರ್ಟು ಇತ್ತು.

ನನ್ನ ಗೆಳೆಯರೊಬ್ಬರಿಗೆ ಯಾವ ಕೋರ್ಟೂ ಇರಲಿಲ್ಲ. ಚೆನ್ನೈಗೆ ಬಂದು ಇಪ್ಪತ್ತು ವರ್ಷ ಮೀರಿದವರು, ಕನ್ನಡದಲ್ಲಿ ಚೆಂದದ ಪುಟ್ಟ ಪ್ರಬಂಧ ಬರೆಯುತ್ತಿದ್ದರು. ಬೇಸಿಗೆಯಲ್ಲಿ ಲಾರಿ ನೀರಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ ಸಾಲಿಟ್ಟು ಕಾಯೋ ಹೆಂಗಸರ ಬಗ್ಗೆ ಒಂದು ಬರೆದು ಹಾಕಿದರು. ಕಾವೇರಿಯ ಹೆಸರೂ ಅದರಲ್ಲಿರಲಿಲ್ಲ. ಎರಡು ದಿನದಲ್ಲಿ ಊರ ಕಡೆಯಿಂದ ಬೈಗುಳದ ಮಳೆ: ತಮಿಳರ ಚೇಲಾ, ಉಂಡ ಮನೆಗೆ ದ್ರೋಹ, ಇನ್ನೂ ಏನೇನೋ. ಮೂರನೇ ದಿನ ಒಬ್ಬ ಮಹಾಶಯ ಅವರ ಹೆಂಡತಿಯ ಫೋಟೊ ಹುಡುಕಿ ತಂದು ಹಾಕಿದ. ಇನ್ನೊಬ್ಬ ಮಗಳ ಶಾಲೆಯ ಸಮವಸ್ತ್ರ ನೋಡಿ ಅದು ಯಾವ ಶಾಲೆ ಅಂತ ಬರೆದ. ಗೆಳೆಯರು ಎಲ್ಲವನ್ನೂ ಅಳಿಸಿದರು. ಈಗ ಅವರು ಹಾಕೋದು ಯುಗಾದಿಗೆ ಒಂದು ಬೇವು ಬೆಲ್ಲದ ಚಿತ್ರ, ನವೆಂಬರ್ ಒಂದಕ್ಕೆ ಒಂದು ಬಾವುಟ. ಎರಡಕ್ಕೂ ನೂರಾರು ಮೆಚ್ಚುಗೆ ಬೀಳುತ್ತೆ. ಬೈದವರೇ ಮೆಚ್ಚುತ್ತಾರೆ. ಹೊರನಾಡಿನಲ್ಲಿ ಕನ್ನಡ ಉಳಿಸ್ತಿದ್ದೀರಿ ಸಾರ್ ಅಂತ ಬೆನ್ನು ತಟ್ಟುತ್ತಾರೆ! ಅವರ ಕೊಡದ ಸಾಲಿನ ಪ್ರಬಂಧ ಕನ್ನಡವೇ ಆಗಿತ್ತಲ್ಲ ಸ್ವಾಮಿ?

2025ರ ಮೇ ತಿಂಗಳಲ್ಲಿ ಕಮಲ್ ಹಾಸನ್ ಚೆನ್ನೈನ ಸಮಾರಂಭದಲ್ಲಿ ಶಿವರಾಜ್‌ಕುಮಾರ್ ಎದುರಿಗೇ, ಕನ್ನಡ ತಮಿಳಿನಿಂದ ಹುಟ್ಟಿತು ಅನ್ನೋ ಅರ್ಥದ ಮಾತಾಡಿದರು. ಅದು ತಪ್ಪು. ಎರಡೂ ಒಂದೇ ಮೂಲದಿಂದ ಕವಲೊಡೆದ ಅಕ್ಕತಂಗಿಯರು, ಭಾಷಾಶಾಸ್ತ್ರ ಓದಿದ ಯಾರನ್ನಾದರೂ ಕೇಳಿ. ಕರ್ನಾಟಕ ಹೈಕೋರ್ಟ್ ಕ್ಷಮೆ ಕೇಳಬಾರದೇಕೆ ಅಂತ ಕೇಳಿತು, ಸುಪ್ರೀಂ ಕೋರ್ಟ್ ಸಿನಿಮಾ ತಡೆಯೋದು ಸರಿಯಲ್ಲ ಅಂದಿತು, ಅದು ಅವರವರ ವ್ಯವಹಾರ. ಆದರೆ ನನ್ನ ಫೋನಿಗೆ ಮತ್ತೆ ಶುರುವಾಯ್ತು: "ನೀನೇನು ಹೇಳ್ತೀಯ? ಗುಂಪಿನಲ್ಲಿ ಹಾಕು. ಸುಮ್ಮನಿದ್ದೀಯಲ್ಲ?" ಸುಮ್ಮನಿರೋದೂ ಈಗ ಹೇಳಿಕೆ! ನಿಮ್ಮ ಮನಸ್ಸಿಗೆ ಬಂದದ್ದು ಬರೆಯಿರಿ ಅಂತ ಫೇಸ್‌ಬುಕ್ ಹೇಳುತ್ತೆ. ನಮ್ಮ ಮನಸ್ಸಿನಲ್ಲಿರೋದನ್ನು ನಿನ್ನ ಬಾಯಿಂದ ಹೇಳು ಅಂತ ನೀವು ಹೇಳ್ತೀರಿ.

ನಾನು ಹೇಳಿದೆ, ಹೇಳಬೇಕಾದ ಕಡೆ ಹೇಳಿದೆ. ಇಲ್ಲಿ ಏರಿ ಕಡೆ, ಅಂದರೆ ಪೋರೂರು ಕೆರೆ ಕಡೆ ಹೋಗೋ ದಾರಿಯಲ್ಲಿ ಒಂದು ಟೀ ಅಂಗಡಿ ಇದೆ. ತಂಜಾವೂರು ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಅಲ್ಲಿ ಸಿಗುತ್ತಾರೆ, ಗದ್ದೆ ಇದ್ದವರು. ಕನ್ನಡ ತಮಿಳಿನ ಮಗಳಲ್ಲ ಸಾರ್, ತಂಗಿ ಅಂದೆ. "ಅಕ್ಕ ಯಾರು?" ಅಂದರು. ಜಗಳ ಕಾವೇರಿಗೆ ತಿರುಗಿತು. 2018ರ ತೀರ್ಪಿನ 177.25 ಟಿಎಂಸಿ ಅಂಕಿ ಇಬ್ಬರಿಗೂ ಬಾಯಿಪಾಠ. ಮಳೆ ಬಾರದ ವರ್ಷ ಮಂಡ್ಯದವರು ಏನು ತಿನ್ನಬೇಕು ಅಂತ ನಾನು ದನಿ ಏರಿಸಿದೆ. ಕುರುವೈ ಬೆಳೆ ಒಣಗಿದಾಗ ತಂಜಾವೂರಿನವರು ಏನು ತಿನ್ನಬೇಕು ಅಂತ ಅವರು ಮೇಜು ಕುಟ್ಟಿದರು. ನಾವಿಬ್ಬರೂ ಆಡಿದ ಕೆಲವು ಮಾತು ವಿಡಿಯೊದಲ್ಲಿ ಬಂದಿದ್ದರೆ ಇಬ್ಬರ ಕಿಟಕಿ ಗಾಜೂ ಉಳಿಯುತ್ತಿರಲಿಲ್ಲ. ಯಾರೂ ತೆಗೆಯಲಿಲ್ಲ. ಕೊನೆಗೆ ಅವರೇ ಕೇಳಿದರು, ನಿಮ್ಮ ಮನೆ ನಲ್ಲಿಯ ನೀರು ಎಲ್ಲಿಂದ ಬರುತ್ತೆ ಗೊತ್ತಾ ಅಂತ. 2004ರಿಂದ ಕಡಲೂರು ಜಿಲ್ಲೆಯ ವೀರಾಣಂ ಕೆರೆಯ ನೀರು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಕೊಳವೆಯಲ್ಲಿ ಹರಿದು ಬಂದು ಸೇರೋದು ಇದೇ ಪೋರೂರಿಗೆ. ಇಲ್ಲಿಂದ ಚೆನ್ನೈಗೆ ಹಂಚಿಕೆ. ವೀರಾಣಂ ತುಂಬೋದು ಕೊಳ್ಳಿಡಂ ನದಿಯಿಂದ, ಕೊಳ್ಳಿಡಂ ಅಂದರೆ ಕಾವೇರಿಯ ಕವಲು. "ನಿಮ್ಮ ಕೊಡಗಿನ ನೀರೇ ಕುಡೀತಿದ್ದೀರಿ, ನಮ್ಮ ಲೆಕ್ಕದಲ್ಲಿ" ಅಂದರು. ಟೀ ದುಡ್ಡು ಆವತ್ತು ಅವರೇ ಕೊಟ್ಟರು.

ನೋಡಲೇಬೇಕು ಅನ್ನೋರು ಬನ್ನಿ. ಬೆಂಗಳೂರಿನಿಂದ ಬರೋ ಬಸ್ಸು ಪೂನಮಲ್ಲಿ ಮುಟ್ಟಿದಾಗ ಇಳಿದುಕೊಂಡರೆ ಪೋರೂರು ಹತ್ತಿರ. ಟೀ ಅಂಗಡಿಗೆ ನಾನೇ ಕರೆದುಕೊಂಡು ಹೋಗ್ತೀನಿ. ಮೇಷ್ಟ್ರು ಸಂಜೆ ಐದರ ಮೇಲೆ ಸಿಗುತ್ತಾರೆ. ಪರಿಸ್ಥಿತಿ ಹೇಗಿದೆ ಅಂತ ಅವರನ್ನೇ ಕೇಳಿ, ಬೇಕಾದರೆ ಜಗಳಾನೂ ಆಡಿ. ಫೋನ್ ಜೇಬಿನಲ್ಲಿರಲಿ.